ಕೈಗುಣ ಮತ್ತು ಋಣ

ಒಳ್ಳೆಯ ವೈದ್ಯರನ್ನು ನಮ್ಮ ಜನ ‘ಕೈಗುಣ ಉಳ್ಳವರು’ ಎಂದು ಕೊಂಡಾಡುತ್ತಾರೆ. ಆ ಕೈಗುಣ ಹುಟ್ಟಿನಿಂದ ಬಂದುದಲ್ಲ. ಎಂದೋ ಒಂದು ದಿನ ಅದೇ ಕೈ ಮೊದಲ ಬಾರಿಗೆ ಸೂಜಿ ಹಿಡಿದು ನಡುಗಿರುತ್ತದೆ. ಯಾರದೋ ತೋಳಿನಲ್ಲಿ ರಕ್ತನಾಳವನ್ನು ಅರಸಿ ಸೋತಿರುತ್ತದೆ. ಆ ತೋಳು ಯಾರದು? ಒಬ್ಬನ ವಿದ್ಯೆಗಾಗಿ ಇನ್ನೊಬ್ಬನು ನೋವುಣ್ಣುವುದು ನ್ಯಾಯವೇ?

ಪ್ರಾಚೀನರು ಇದನ್ನು ಕಡೆಗಣಿಸಿರಲಿಲ್ಲ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ ಒಂಬತ್ತನೆಯ ಅಧ್ಯಾಯವು ಅಭ್ಯಾಸಕ್ಕೆಂದೇ ಮೀಸಲಾಗಿದೆ. ಎಷ್ಟೇ ಶಾಸ್ತ್ರ ಓದಿದವನಾದರೂ ಕೈಯಿಂದ ಮಾಡಿ ಕಲಿಯದವನು ಚಿಕಿತ್ಸೆಗೆ ಯೋಗ್ಯನಲ್ಲ ಎಂಬುದು ಅದರ ನಿಲುವು. ಕೊಯ್ಯುವುದನ್ನು ಕುಂಬಳ, ಸೋರೆ, ಸೌತೆಗಳ ಮೇಲೆ. ನಾಳ ಚುಚ್ಚುವುದನ್ನು ಸತ್ತ ಪ್ರಾಣಿಯ ನಾಳ ಹಾಗೂ ನೈದಿಲೆಯ ದಂಟಿನ ಮೇಲೆ. ಹೊಲಿಗೆಯನ್ನು ಬಟ್ಟೆ ಹಾಗೂ ಮೃದುವಾದ ಚರ್ಮದ ಮೇಲೆ. ಪಟ್ಟಿ ಕಟ್ಟುವುದನ್ನು ಗೊಂಬೆಯ ಅವಯವಗಳ ಮೇಲೆ ಕಲಿಯಬೇಕೆಂದು ಅದು ವಿಧಿಸುತ್ತದೆ. ನಮ್ಮ ದೇಶದಲ್ಲಿ 2019ರಲ್ಲಿ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮದ ‘ಸ್ಕಿಲ್ ಲ್ಯಾಬ್’ನಲ್ಲಿರುವ ಕೃತಕ ತೋಳು, ಎದೆಯೊತ್ತಿ ಕಲಿಯುವ ಗೊಂಬೆ ಇವೆಲ್ಲವೂ ಆ ಕುಂಬಳಕಾಯಿಯ ವಂಶದವೇ. ಗುರು ಮಾಡಿ ತೋರಿಸುವುದು, ಶಿಷ್ಯ ನೋಡುವುದು, ನೆರವಾಗುವುದು, ಕೊನೆಗೆ ತಾನೇ ಮಾಡುವುದು ಎಂಬ ನಾಲ್ಕು ಮೆಟ್ಟಿಲುಗಳನ್ನೂ ಆ ಪಠ್ಯಕ್ರಮ ಹೇಳುತ್ತದೆ.

ಆದರೆ ಕುಂಬಳಕಾಯಿಗೆ ನೋವಿಲ್ಲ, ಗೊಂಬೆಗೆ ಭಯವಿಲ್ಲ. ಎಷ್ಟು ಅಭ್ಯಾಸ ಮಾಡಿದರೂ ವಾರ್ಡಿನಲ್ಲಿ ಮೊದಲ ಮನುಷ್ಯ ಎದುರಾಗಲೇಬೇಕು. ಯಾರೂ ಮೈಯೊಡ್ಡದಿದ್ದರೆ ನಾಳೆ ವೈದ್ಯರೇ ಇರಲಾರರು. ಆದ್ದರಿಂದ ರೋಗಿಯಿಂದ ಕಲಿಯುವುದು ತಪ್ಪಲ್ಲ. ಗೊಂಬೆಯ ಮೇಲೆ ತೀರಿಸಬಹುದಾದ ತಪ್ಪನ್ನು ರೋಗಿಯ ಮೈಮೇಲೆ ಮಾಡುವುದು ತಪ್ಪು. ಕೇಳದೆ ಮುಟ್ಟುವುದು ಅದಕ್ಕಿಂತ ದೊಡ್ಡ ತಪ್ಪು. ಬಿ.ಎಡ್. ವಿದ್ಯಾರ್ಥಿಗಳೂ ಮಕ್ಕಳ ಮುಂದೆ ನಿಂತೇ ಪಾಠ ಹೇಳಲು ಕಲಿಯುತ್ತಾರೆ. ಕರಿಹಲಗೆಯ ಮೇಲಿನ ತಪ್ಪನ್ನು ಒರೆಸಬಹುದು. ದೇಹದ ಮೇಲಿನ ತಪ್ಪನ್ನು ಒರೆಸಲು ಬಟ್ಟೆಯಿಲ್ಲ.

ಹಣವಂತನು ಹಿರಿಯ ವೈದ್ಯರ ಕೈಯನ್ನೇ ಬೇಡಿ ಪಡೆಯಬಲ್ಲ. ಸಾರ್ವಜನಿಕ ಆಸ್ಪತ್ರೆಯ ಬಡವನಿಗೆ ಆ ಆಯ್ಕೆಯಿಲ್ಲ. ಕಲಿಕೆಯ ಭಾರವನ್ನೆಲ್ಲ ಹೊರುವವನು ಅವನೇ. ಉಚಿತ ಚಿಕಿತ್ಸೆ ಅವನ ಹಕ್ಕು. ಅದಕ್ಕೆ ಪ್ರತಿಯಾಗಿ ಅವನ ಮೌನವನ್ನು ಸಮ್ಮತಿಯೆಂದು ಬರೆದುಕೊಳ್ಳಲಾಗದು.

ಗಡಿನಾಡಿನವರಾದ ನಮಗೆ ಇಲ್ಲಿ ಇನ್ನೊಂದು ಮಾತಿದೆ. ಹೊಸ ಪಠ್ಯಕ್ರಮದ ಆರಂಭದ ತರಬೇತಿಯಲ್ಲಿ ಸ್ಥಳೀಯ ಭಾಷೆಯ ಕಲಿಕೆಯೂ ಸೇರಿದೆ. ನಮ್ಮಲ್ಲಿ ಸ್ಥಳೀಯ ಭಾಷೆ ಯಾವುದು? ಸೊಲ್ಲಾಪುರದ ಕಚೇರಿಗೆ ಅದು ಮರಾಠಿ. ಅಕ್ಕಲಕೋಟೆ, ಜತ್ತ ಸೀಮೆಯ ಹಳ್ಳಿಗಳಿಂದ ಬರುವ ಎಷ್ಟೋ ಮುದುಕಿಯರಿಗೆ ಅದು ಕನ್ನಡ. ಅರ್ಥವಾಗದ ಭಾಷೆಯಲ್ಲಿ ಕೇಳಿದ ಅನುಮತಿ ಅನುಮತಿಯಲ್ಲ. “ಅವ್ವಾ, ಸ್ವಲ್ಪ ನೋಯ್ತದ, ಸೂಜಿ ಚುಚ್ಚಲೇನು?” ಎಂಬಷ್ಟು ಕನ್ನಡ ಕಲಿಯಲು ಒಂದು ಗಳಿಗೆ ಸಾಕು. ಆ ಮಾತಿನಿಂದ ನೋವು ತಗ್ಗದಿರಬಹುದು. ತನ್ನನ್ನು ಗೊಂಬೆಯಂತೆ ಕಂಡರೆಂಬ ಅವಮಾನವಂತೂ ತಪ್ಪುತ್ತದೆ. ಇದನ್ನು ಕಲಿಸುವಲ್ಲಿ ಊರೂರ ಕನ್ನಡ ಸಂಘಗಳು ನೆರವಾದರೆ ಅದೂ ಭಾಷಾಸೇವೆಯೇ.

ವಿದ್ಯೆ ಕೊಟ್ಟವರ ಋಣವನ್ನು ನಮ್ಮ ಹಿರಿಯರು ಋಷಿಋಣವೆಂದರು. ಹೆಸರು ತಿಳಿಯದ ಆ ಮೊದಲ ರೋಗಿಯೂ ವೈದ್ಯನ ಗುರುವೇ. ಅವನ ಋಣ ಹಣದಿಂದ ತೀರದು; ಕೈ ಪಳಗಿದ ಮೇಲೂ ಬಡವನ ಹಾಸಿಗೆಯ ಬಳಿ ಅದೇ ಎಚ್ಚರದಿಂದ, ಅದೇ ವಿನಯದಿಂದ ನಿಲ್ಲುವುದರಿಂದ ಮಾತ್ರ ತೀರೀತು.