ಒಂದು ಕಟಿಂಗ್ ಚಹಾದ ಪಣ

ಮೊಬೈಲಿನಲ್ಲಿ ಬರುವ ಚೆಸ್ ಪಜಲ್‌ಗಳ ಕೆಳಗೆ ಒಂದು ಪುಟ್ಟ ಸಾಲಿರುತ್ತದೆ: ಬಿಳಿಯ ಸರದಿ, ಒಳ್ಳೆಯ ನಡೆ ಹುಡುಕಿ. ನನ್ನ ಬೆರಗು ಆ ಸಾಲಿನಿಂದಲೇ ಶುರು. ಇಲ್ಲಿ ಏನೋ ಇದೆ ಎಂದು ಯಾರೋ ಮೊದಲೇ ಮಾತು ಕೊಟ್ಟಿದ್ದಾರೆ. ಇದೇ ಸ್ಥಿತಿ ಆಟದ ನಡುವೆ ಎದುರಾಗಿದ್ದರೆ ನಾವು ಕಾಲಾಳೊಂದನ್ನು ಸುಮ್ಮನೆ ಒಂದು ಮನೆ ತಳ್ಳಿ ಎದುರಾಳಿಯ ಮುಖ ನೋಡುತ್ತಿದ್ದೆವು. ಆನೆಯನ್ನು ಬಲಿಕೊಟ್ಟರೆ ಮೂರನೆಯ ನಡೆಗೆ ರಾಜನಿಗೆ ಜಾಗವೇ ಇರುವುದಿಲ್ಲ ಎಂಬುದು ಹೊಳೆಯುತ್ತಲೇ ಇರಲಿಲ್ಲ. ಹಲಗೆ ಅದೇ, ಕಾಯಿಗಳು ಅವೇ, ನೋಡುವ ಕಣ್ಣೂ ಅದೇ. ‘ಇದೆ’ ಎಂದು ಒಬ್ಬರು ಹೇಳಿದ್ದಕ್ಕೆ ಆ ಕಣ್ಣು ಬೇರೆ ಥರ ಹುಡುಕತೊಡಗುತ್ತದೆ.

ಮುಂಬೈಯ ಧಾರಾವಿಯಲ್ಲಿ ಈ ಹುಡುಕಾಟಕ್ಕೆ ಒಂದು ದರವೂ ಇದೆ: ಒಂದು ಕಟಿಂಗ್, ಅಂದರೆ ಅರ್ಧ ಲೋಟ ಚಹಾ.

ನೈಂಟಿ ಫೀಟ್ ರೋಡಿನಿಂದ ಒಳಕ್ಕೆ ಸರಿದರೆ, ಇಬ್ಬರು ಎದುರುಬದುರಾದಾಗ ಒಬ್ಬರು ಭುಜ ತಿರುಗಿಸಲೇಬೇಕಾದ ಗಲ್ಲಿಯೊಂದರಲ್ಲಿ ಅಂಗಿ ಹೊಲಿಯುವ ಕಾರ್ಖಾನೆಯಿದೆ. ಕಾರ್ಖಾನೆ ಎಂದರೆ ಕೆಳಗೊಂದು ಕೋಣೆ, ಕಬ್ಬಿಣದ ಏಣಿ ಹತ್ತಿದರೆ ಮೇಲೊಂದು ಕೋಣೆ. ಕಲಬುರಗಿ, ಯಾದಗಿರಿ ಕಡೆಯ ನಾಲ್ಕಾರು ಹುಡುಗರು, ಜೊತೆಗೆ ಬಿಹಾರದ ಇಬ್ಬರು. ಮಧ್ಯಾಹ್ನ ಡಬ್ಬಿ ಬಿಚ್ಚುವ ಹೊತ್ತಿಗೆ ಒಂದು ಫೋನು ಹೊಲಿಗೆ ಯಂತ್ರಕ್ಕೆ ಒರಗಿ ನಿಲ್ಲುತ್ತದೆ. ಪಜಲ್ ತೆರೆದ ಮೇಲೆ ಯಾರೂ ಪರದೆ ಮುಟ್ಟುವಂತಿಲ್ಲ. ಒಬ್ಬೊಬ್ಬರೂ ತಮ್ಮ ನಡೆಯನ್ನು ಬಾಯಿಬಿಟ್ಟು ಹೇಳಬೇಕು. ಎಲ್ಲರದೂ ಆದ ಮೇಲೆ ಫೋನಿನವನು ಒತ್ತುತ್ತಾನೆ. ತಪ್ಪಿದವರು ಸೇರಿ ಕಟಿಂಗ್ ತರಿಸಬೇಕು.

“ಕುದುರಿ ಬಿಡು, ವಜೀರ ಸಿಗ್ತದ.”

“ವಜೀರನ್ನ ಹೊಡದ್ರ ಹಿಂದಿಂದ ಆನಿ ಬರ್ತದಲ್ಲೋ ಹುಚ್ಚಪ್ಪ!”

“ಕಾಕಾ, ನೀವೂ ಹೇಳ್ರಿ. ಸುಮ್ನ ಕುಂತವರಿಗೆ ಉತ್ರ ತೋರ್ಸಂಗಿಲ್ಲ.”

ಈ ಕೊನೆಯ ಕಟ್ಟಳೆ ನನಗೆ ಬಹಳ ಹಿಡಿಸಿತು. ಇವರಲ್ಲಿ ಯಾರೂ ಟೂರ್ನಿ ಆಡಿದವರಲ್ಲ, ಆಟ ಹತ್ತಿದ್ದೇ ಕೊರೊನಾ ಕಾಲದಲ್ಲಿ. 2020ರ ಏಪ್ರಿಲ್ 1ರಂದು ಧಾರಾವಿಯಲ್ಲಿ ಮೊದಲ ಕೊರೊನಾ ರೋಗಿ ಪತ್ತೆಯಾಗಿ, ಗಲ್ಲಿಗಳಿಗೆ ಅಡ್ಡಗಟ್ಟೆ ಬಿದ್ದು, ಊರಿಗೆ ಹೋಗಲಾಗದವರು ಕೋಣೆಯಲ್ಲೇ ಉಳಿದರು. ಅದೇ ತಿಂಗಳುಗಳಲ್ಲಿ ಹಾಸ್ಯಗಾರ ಸಮಯ್ ರೈನಾ ಯೂಟ್ಯೂಬಿನಲ್ಲಿ ನಗಿಸುತ್ತ ಚೆಸ್ ಆಡತೊಡಗಿದ್ದರು. ಚೆಸ್‌ಬೇಸ್ ಇಂಡಿಯಾ ನಡೆಸುವ ಮುಂಬೈಯ ಇಂಟರ್‌ನ್ಯಾಷನಲ್ ಮಾಸ್ಟರ್ ಸಾಗರ್ ಶಾ ಅವರಂಥವರು ಜೊತೆಗೂಡಿದರು. ಪುಸ್ತಕ, ಕೋಚಿಂಗ್ ಯಾವುದೂ ಇಲ್ಲದೆ ಎಷ್ಟೋ ಹುಡುಗರು ಆಟಕ್ಕೆ ಬಂದದ್ದು ಆ ಬಾಗಿಲಿನಿಂದ. ಬಂದವರು ಆಡಿದ್ದಕ್ಕಿಂತ ಊಹಿಸಿದ್ದೇ ಹೆಚ್ಚು. ಅಪರಿಚಿತರಿಬ್ಬರ ಆಟ ನೋಡಿ ಅವರ ರೇಟಿಂಗ್, ಅಂದರೆ ಆಟದ ಬಲ ತೋರಿಸುವ ಅಂಕಿ, ಎಷ್ಟಿರಬಹುದು ಎಂದು ಹೇಳುವ ಆಟವೊಂದಿದೆ. ಅಮೆರಿಕದ ಲೆವಿ ರೋಜ್‌ಮನ್ ಅದನ್ನು ಲೋಕಕ್ಕೆಲ್ಲ ಹಬ್ಬಿಸಿದರು. ಒಬ್ಬ 600 ಅನ್ನುತ್ತಾನೆ, ಇನ್ನೊಬ್ಬ 1,100 ಅನ್ನುತ್ತಾನೆ, ಕೊನೆಗೆ 1,900 ಎಂದು ಬಂದಾಗ ಕೋಣೆಯೇ ಹೋ ಎನ್ನುತ್ತದೆ.

ಆ ‘ಹೋ’ ಯಾಕೆ ಬರುತ್ತದೆ? 1,900 ಎಂಬ ಅಂಕಿಯಲ್ಲಿ ಬೆರಗಾಗುವಂಥದ್ದು ಏನೂ ಇಲ್ಲ. ಮೊದಲು 600 ಎಂದು ಹೇಳಿದವನಿಗೆ ಮಾತ್ರ ಅದು ಬೆರಗು. ಊಹಿಸದೆ ಉತ್ತರ ಓದಿದವನಿಗೆ ಅದು ಬರೀ ಮಾಹಿತಿ. ಬೆರಗು ತಾನಾಗಿ ಬಂದು ಮೇಲೆ ಬೀಳುತ್ತದೆ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಬಾಯಿಬಿಟ್ಟು ಒಂದು ಮಾತು ಆಡಿ, ಅದಕ್ಕೆ ಕಟ್ಟುಬಿದ್ದು ಕಾಯದಿದ್ದರೆ ಅದು ಇತ್ತ ತಲೆ ಹಾಕುವುದಿಲ್ಲ ಎಂಬುದು ನನ್ನ ಅನುಮಾನ.

ಈ ಅನುಮಾನಕ್ಕೆ ಹಳೆಯ ಸಾಕ್ಷಿಯೊಂದಿದೆ. ಅಮೆರಿಕದ ಸ್ಯಾಮ್ ಲಾಯ್ಡ್ ಚೆಸ್ ಸಮಸ್ಯೆಗಳನ್ನು ಕಟ್ಟುವುದರಲ್ಲಿ ದೊಡ್ಡ ತುಂಟ. ಅವನ ಗೆಳೆಯ ಡೆನಿಸ್ ಜೂಲಿಯನ್‌ಗೆ ಒಂದು ಜಂಬ: ಯಾವ ಸಮಸ್ಯೆ ಕೊಟ್ಟರೂ ಕೊನೆಗೆ ಚೆಕ್‌ಮೇಟ್ ಮಾಡುವ ಕಾಯಿ ಯಾವುದೆಂದು ತಾನು ನೋಡಿದ ಕೂಡಲೇ ಹೇಳಬಲ್ಲೆ ಎಂದು. ಲಾಯ್ಡ್ ಒಂದು ಸಮಸ್ಯೆ ಕಟ್ಟಿ ಪ್ರಶ್ನೆಯನ್ನೇ ತಿರುಗಿಸಿದ. ಯಾವ ಕಾಯಿ ಮೇಟ್ ಮಾಡುತ್ತದೆ ಎಂದು ಹೇಳುವುದು ಬೇಡ, ಯಾವುದು ಖಂಡಿತ ಮಾಡುವುದಿಲ್ಲವೋ ಅದನ್ನು ತೋರಿಸು. ಪಣ ಒಂದು ರಾತ್ರಿಯ ಊಟ. ಜೂಲಿಯನ್ ತಡಮಾಡದೆ ಮೂಲೆಯ ಪಕ್ಕದಲ್ಲಿ, ಬಿ2 ಮನೆಯಲ್ಲಿ, ಹೊರಟ ಜಾಗದಿಂದ ಕದಲದೆ ನಿಂತಿದ್ದ ಕಾಲಾಳನ್ನು ತೋರಿಸಿದ. ಐದನೆಯ ನಡೆಯಲ್ಲಿ ಮೇಟ್ ಮಾಡಿದ್ದು ಅದೇ ಕಾಲಾಳು. ಬಿ4ಕ್ಕೆ ಜಿಗಿದು, ದಾರಿಯಲ್ಲಿ ಸಿಕ್ಕಿದ್ದನ್ನು ಹೊಡೆಯುತ್ತ ಎ8 ತಲುಪಿ ಮಂತ್ರಿಯಾಗಿ ರಾಜನನ್ನು ಕಟ್ಟಿಹಾಕಿತು. 1861ರಲ್ಲಿ ಲಂಡನ್ನಿನ ‘ಎರಾ’ ಪತ್ರಿಕೆಯಲ್ಲಿ ಅಚ್ಚಾದ ಆ ಸಮಸ್ಯೆಗೆ ‘ಎಕ್ಸೆಲ್ಸಿಯರ್’ ಎಂದು ಹೆಸರು. (ಕಾಲಾಳು ಮಂತ್ರಿಯಾಗುವುದನ್ನು ಧಾರಾವಿಯ ಹುಡುಗರಿಗೆ ಹೋಲಿಸಿ ಭಾಷಣ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಆ ಮಾತು ಹಳಸಿದೆ, ಬಿಟ್ಟುಬಿಡೋಣ.) ನನಗೆ ಇಲ್ಲಿ ಮುಖ್ಯ ಜೂಲಿಯನ್. ಅವನು ಬೆರಳಿಟ್ಟು ತೋರಿಸದೇ ಇದ್ದಿದ್ದರೆ ಅದು ಒಂದು ಜಾಣ ಸಮಸ್ಯೆಯಾಗಿ ಉಳಿಯುತ್ತಿತ್ತು. ತೋರಿಸಿದ್ದರಿಂದ ಅದಕ್ಕೆ ನೂರರವತ್ತು ವರ್ಷ ದಾಟಿದ ಆಯುಷ್ಯ ಬಂತು. ಊಟದ ಬಿಲ್ಲು ಕೊಟ್ಟವನೇ ಅದರ ಅರ್ಧ ಕರ್ತೃ.

ಪಣ ಊಟದಷ್ಟೇ, ಚಹಾದಷ್ಟೇ ಇರಬೇಕು ಎಂಬುದೂ ಸಣ್ಣ ಮಾತಲ್ಲ. ಹಣ ಕಟ್ಟಿದ ಕೂಡಲೇ ತಪ್ಪಿದ ಊಹೆ ನಷ್ಟವಾಗುತ್ತದೆ, ಬೆರಗಿಗೆ ಜಾಗ ಉಳಿಯುವುದಿಲ್ಲ. ಹಣ ಹೂಡಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಕಾಯ್ದೆ ಮಾಡಿ ನಿಷೇಧಿಸಿತು. ಕಟಿಂಗ್ ಚಹಾ ಇನ್ನೂ ಆ ಕಾಯ್ದೆಯ ಕಣ್ಣಿಗೆ ಬಿದ್ದಿಲ್ಲ, ಬೀಳದಿರಲಿ.

ಲಾಯ್ಡ್‌ನಂಥವರು ಕೂತು ಸಮಸ್ಯೆ ಕಟ್ಟುತ್ತಿದ್ದುದು ಹಿಂದಿನ ಕಾಲ. ಇವತ್ತು ಆ ಫೋನಿನಲ್ಲಿ ಬರುವ ಪಜಲ್‌ಗಳನ್ನು ಹೆಚ್ಚಿನಂಶ ಯಾರೂ ಕಟ್ಟಿದ್ದಲ್ಲ. ಫ್ರಾನ್ಸಿನ ಥಿಬೊ ಡುಪ್ಲೆಸಿ 2010ರಲ್ಲಿ ಶುರುಮಾಡಿದ, ಜಾಹೀರಾತೂ ಶುಲ್ಕವೂ ಇಲ್ಲದ ಚೆಸ್ ಜಾಲತಾಣ ಲೀಚೆಸ್‌ನಲ್ಲಿ 40 ಲಕ್ಷಕ್ಕೂ ಹೆಚ್ಚು ಪಜಲ್‌ಗಳಿವೆ. ಅವೆಲ್ಲ ಜನ ಆಡಿದ ನಿಜವಾದ ಆಟಗಳಿಂದ ಕಂಪ್ಯೂಟರು ಆಯ್ದು ತೆಗೆದವು. ಎಲ್ಲೋ ಒಬ್ಬ ನಿದ್ದೆಗಣ್ಣಿನಲ್ಲಿ ತಪ್ಪು ನಡೆ ಆಡಿದ್ದಾನೆ, ಅದರಾಚೆ ಒಂದೇ ಒಂದು ಸರಿ ಉತ್ತರ ತೆರೆದುಕೊಂಡಿದೆ. ಕಂಪ್ಯೂಟರು ಆ ಜಾಗವನ್ನು ಕತ್ತರಿಸಿ ಇಟ್ಟುಕೊಂಡಿದೆ. ಕಾರ್ಖಾನೆಯಿಂದ ಸ್ವಲ್ಪ ದೂರದ ಥರ್ಟೀನ್ತ್ ಕಂಪೌಂಡಿನಲ್ಲಿ ಮುಂಬೈ ಎಸೆದ ಪ್ಲಾಸ್ಟಿಕ್ಕನ್ನು ಬಣ್ಣ, ಗಟ್ಟಿತನ ನೋಡಿ ವಿಂಗಡಿಸಿ, ಕರಗಿಸಿ, ಮತ್ತೆ ಕಾಳು ಮಾಡುವಂತೆಯೇ ಇದೂ. ಒಬ್ಬನ ಕೈಜಾರಿದ್ದು ಇನ್ನೊಬ್ಬನ ಕೈಗೆ ಕೆಲಸವಾಗುತ್ತದೆ. ಯಾದಗಿರಿಯ ಹುಡುಗ ರಾತ್ರಿ ಪಾಳಿ ಮುಗಿಸಿ ಆಡಿದ ಆಟದ ತಪ್ಪು ಇವತ್ತು ಅರ್ಜೆಂಟೀನಾದ ಯಾರದೋ ಬೆಳಗಿನ ಪಜಲ್ ಆಗಿರಬಹುದು. ಅವನಿಗೆ ಗೊತ್ತಾಗುವುದೇ ಇಲ್ಲ.

ಇನ್ನೊಂದು ಸಂಗತಿ ಕೇಳಿದಾಗಲಂತೂ ನಾನು ನಕ್ಕುಬಿಟ್ಟೆ. ಲೀಚೆಸ್‌ನಲ್ಲಿ ಪಜಲ್‌ಗೂ ಆಟಗಾರನಂತೆ ರೇಟಿಂಗ್ ಇದೆ. ನೀವು ಬಿಡಿಸಿದರೆ ನಿಮ್ಮ ರೇಟಿಂಗ್ ಏರಿ ಅದರದ್ದು ಇಳಿಯುತ್ತದೆ, ಸೋತರೆ ಅದು ನಿಮ್ಮನ್ನು ಗೆದ್ದಂತೆ. ಯಾರೋ ಮಾಡಿದ ಪ್ರಮಾದ ಹೀಗೆ ಜಗತ್ತಿನ ಜನರನ್ನು ಒಬ್ಬೊಬ್ಬರನ್ನಾಗಿ ಸೋಲಿಸುತ್ತ ಮೇಲೇರುತ್ತದೆ.

ಹಾಗಾದರೆ ಎಲ್ಲ ಉತ್ತರಗಳೂ ಯಂತ್ರಕ್ಕೆ ಗೊತ್ತಿರುವಾಗ ಮನುಷ್ಯರ ಊಹೆಗೆ ಉಳಿದದ್ದೇನು? ಈ ಪ್ರಶ್ನೆಗೆ 2024ರ ಡಿಸೆಂಬರ್ 12ರ ಸಿಂಗಪುರ ಉತ್ತರ ಕೊಟ್ಟಿತು. ವಿಶ್ವ ಚಾಂಪಿಯನ್‌ಷಿಪ್‌ನ ಹದಿನಾಲ್ಕನೆಯ, ಕೊನೆಯ ಆಟ. ಚೀನಾದ ಡಿಂಗ್ ಲಿರೆನ್ ಮತ್ತು ಭಾರತದ ಡಿ. ಗುಕೇಶ್ ಆರೂವರೆ ಅಂಕಗಳ ಸಮಬಲದಲ್ಲಿದ್ದರು. ನೇರ ಪ್ರಸಾರದಲ್ಲಿ ಹಲಗೆಯ ಪಕ್ಕದಲ್ಲಿ ಒಂದು ಪಟ್ಟಿ ಇರುತ್ತದೆ. ಯಾರ ಕಡೆ ಎಷ್ಟು ಮೇಲುಗೈ ಎಂಬುದನ್ನು ಕಂಪ್ಯೂಟರು ಕಪ್ಪುಬಿಳುಪಿನಲ್ಲಿ ತೋರಿಸುವ ಪಟ್ಟಿ ಅದು. ಗಂಟೆಗಟ್ಟಲೆ ಅದು ನಡುವೆಯೇ ನಿಂತಿತ್ತು, ಡ್ರಾ ಎಂದೇ ಎಲ್ಲರ ಲೆಕ್ಕ. 55ನೆಯ ನಡೆಯಲ್ಲಿ ಡಿಂಗ್ ಆನೆಯನ್ನು ಎಫ್2ಕ್ಕೆ ಇಟ್ಟರು. ಪಟ್ಟಿ ಒಮ್ಮೆಲೇ ಕುಸಿಯಿತು. ಆನೆ ಆನೆ ಹೊಡೆದಾಡಿ, ಒಂಟೆ ಒಂಟೆ ಹೊಡೆದಾಡಿ ಹೋದರೆ ಉಳಿಯುವ ಕಾಲಾಳಿನ ಆಟದಲ್ಲಿ ಗುಕೇಶರ ಕಪ್ಪು ಗೆಲ್ಲುತ್ತದೆ. ಜಗತ್ತಿನ ಯಾವ ಮೂಲೆಯಲ್ಲಿ ಫೋನ್ ಹಿಡಿದು ಕೂತವನಿಗೂ ಆ ಕ್ಷಣದಲ್ಲಿ ಅದು ಗೊತ್ತಾಯಿತು. ಗೊತ್ತಿಲ್ಲದಿದ್ದದ್ದು ಹಲಗೆಯ ಮುಂದೆ ಕೂತ ಇಬ್ಬರಿಗೆ. ಮೊದಲಿಗೆ ತಾನೂ ಗಮನಿಸಲಿಲ್ಲ, ಬೇರೆ ನಡೆ ಆಡಲು ಹೊರಟಿದ್ದೆ ಎಂದು ಗುಕೇಶ್ ಆಮೇಲೆ ಹೇಳಿದರು.

ಆ ಕೆಲವು ಕ್ಷಣ ಲಕ್ಷಾಂತರ ಕಣ್ಣುಗಳು ಹಲಗೆಯನ್ನು ಬಿಟ್ಟು ಹದಿನೆಂಟರ ಹುಡುಗನ ಮುಖದ ಮೇಲೆ ನೆಟ್ಟಿದ್ದವು. ಉತ್ತಮ ನಡೆ ಯಾವುದು ಎಂಬ ಊಹೆ ಅಲ್ಲಿಗೆ ಮುಗಿದಿತ್ತು, ಇವನಿಗೆ ಕಾಣುತ್ತದೆಯೇ ಎಂಬುದು ಮಾತ್ರ ಉಳಿದಿತ್ತು. ಕಂಡಿತು. ಅವರು ಕುರ್ಚಿಯಲ್ಲಿ ನೆಟ್ಟಗೆ ಕೂತರು, ನೀರು ಕುಡಿದರು. 58ನೆಯ ನಡೆಯಾದ ಮೇಲೆ ಡಿಂಗ್ ಆಟ ಬಿಟ್ಟುಕೊಟ್ಟರು. ಯಂತ್ರ ಬಂದ ಮೇಲೆ ಚೆಸ್ಸಿನ ಗುಟ್ಟೆಲ್ಲ ಸತ್ತುಹೋಯಿತು ಎಂದು ಕೊರಗುವವರ ಮಾತನ್ನು ನಾನು ಒಪ್ಪದಿರುವುದು ಈ ಒಂದು ಗಳಿಗೆಗಾಗಿ. ಕಾಯಿಗಳಲ್ಲಿದ್ದ ಗುಟ್ಟು ಕೂತವನ ತಲೆಯೊಳಕ್ಕೆ ಜಾಗ ಬದಲಿಸಿದೆ, ಅಷ್ಟೇ. ಕಾರ್ಖಾನೆಯ ಹುಡುಗರೂ ಈಗ ಯಾವ ನಡೆ ಸರಿ ಎಂಬುದಕ್ಕಿಂತ ಯಾರಿಗೆ ಅದು ಹೊಳೆಯುತ್ತದೆ ಎಂಬುದರ ಮೇಲೆ ಪಣ ಕಟ್ಟುವುದು ಹೆಚ್ಚು.

‘ಇದೆ’ ಎಂದು ಮಾತು ಕೊಡುವವರೇ ಇಲ್ಲದ ಒಗಟುಗಳೂ ಇರುತ್ತವೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಅಂಥದರಲ್ಲಿ ಕೂತವರು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೇಲೆ ಅರಮನೆಯಲ್ಲಿ ಉಳಿದ ಈ ದೊರೆ ಚದುರಂಗದ ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲೂ ಒಮ್ಮೊಮ್ಮೆ ಮಾತ್ರ ನಿಲ್ಲಿಸಿ ಓಡಿಸುವ ಪಟಗಳನ್ನು ರಚಿಸಿದರು. ಕುದುರೆ ನಿಂತ ಮನೆಗಳಿಗೆ 1ರಿಂದ 64ರವರೆಗೆ ಅಂಕಿ ಬರೆದರೆ ಅಡ್ಡಸಾಲು, ಕಂಬಸಾಲು ಯಾವುದನ್ನು ಕೂಡಿದರೂ 260 ಬರುವ ಪಟವೂ ಅವರದಿದೆ. ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಅವರ ಆಟಗಳ ಪಟಗಳನ್ನು ಬಿಡಿಸಿದ್ದಾರೆ. ಮೂಲೆಯಿಂದ ಮೂಲೆಗೆ ಹೋಗುವ ಎರಡು ಕರ್ಣಸಾಲುಗಳಲ್ಲೂ 260 ಬರುವಂತೆ ಮಾಡಬಹುದೇ? ಸಾಧ್ಯವೇ ಇಲ್ಲ ಎಂದು ತೀರ್ಮಾನವಾದದ್ದು 2003ರಲ್ಲಿ, ಎರಡು ತಿಂಗಳು ಕಂಪ್ಯೂಟರು ಓಡಿದ ಮೇಲೆ. ಒಡೆಯರು 1868ರಲ್ಲೇ ತೀರಿಕೊಂಡಿದ್ದರು. ಇದೆಯೋ ಇಲ್ಲವೋ ಗೊತ್ತಿಲ್ಲದ ಕಡೆ ಹುಡುಕುವವರ ತಾಳ್ಮೆಯ ಮುಂದೆ ನಮ್ಮ ಪಜಲ್ ಬಿಡಿಸುವಿಕೆ ಮಕ್ಕಳಾಟ.

ಧಾರಾವಿಗೆ ಆ ಬಗೆಯ ಒಗಟೂ ಗೊತ್ತು. 2004ರಿಂದ ಪುನರಭಿವೃದ್ಧಿಯ ಮಾತು ನಡೆದಿದೆ. ಸರ್ವೆಯವರು ಬಂದು ಗೋಡೆಗಳ ಮೇಲೆ ನಂಬರು ಬರೆದು ಹೋಗಿದ್ದಾರೆ. ಯಾರಿಗೆ ಇಲ್ಲೇ ಮನೆ, ಯಾರಿಗೆ ಊರಾಚೆ, ಹೊಲಿಗೆ ಯಂತ್ರಗಳಿಗೆ ಎಲ್ಲಿ ಜಾಗ ಎಂದು ಅದೇ ಹುಡುಗರು ದಿನಾ ಊಹಿಸುತ್ತಾರೆ. ಅಲ್ಲಿ ಉತ್ತರ ತೋರಿಸುವ ಗುಂಡಿ ಇಲ್ಲ, ತಪ್ಪಿದರೆ ಚಹಾ ತರಿಸಿ ಮುಗಿಸುವಂತೆಯೂ ಇಲ್ಲ. ಮಧ್ಯಾಹ್ನದ ಅರ್ಧ ಗಂಟೆ ಖಂಡಿತ ಉತ್ತರವಿರುವ ಒಗಟನ್ನೇ ಅವರು ಬಯಸಿದರೆ ಅದನ್ನು ಕಾಲಹರಣ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಓದುಗರಿಗೂ ಒಂದು ಕೊಡುತ್ತೇನೆ. ರಿಚರ್ಡ್ ರೇಟಿ 1921ರಲ್ಲಿ ಕಟ್ಟಿದ್ದು, ಹಲಗೆಯ ಮೇಲೆ ನಾಲ್ಕೇ ಕಾಯಿ. ಬಿಳಿ ರಾಜ ಎಚ್8ರಲ್ಲಿ, ಬಿಳಿ ಕಾಲಾಳು ಸಿ6ರಲ್ಲಿ. ಕಪ್ಪು ರಾಜ ಎ6ರಲ್ಲಿ, ಕಪ್ಪು ಕಾಲಾಳು ಎಚ್5ರಲ್ಲಿ. ಕಪ್ಪು ಕಾಲಾಳು ಮಂತ್ರಿಯಾಗಲು ಕೆಳಗೆ ಓಡುತ್ತಿದೆ, ಬಿಳಿ ರಾಜ ಅದರ ಹಿಂದೆ ಬಿದ್ದರೆ ಸಿಗುವುದಿಲ್ಲ. ತನ್ನ ಕಾಲಾಳನ್ನು ಕಾಯೋಣವೆಂದರೆ ಅದೂ ದೂರ, ಕಪ್ಪು ರಾಜ ಪಕ್ಕದಲ್ಲೇ ಇದ್ದಾನೆ. ಬಿಳಿಯ ಸರದಿ, ಡ್ರಾ ಮಾಡಬೇಕು, ಮಾಡಬಹುದು. ಮನೆಯಲ್ಲಿರುವ ಯಾರನ್ನಾದರೂ ಕರೆದು ಪಕ್ಕದಲ್ಲಿ ಕೂರಿಸಿಕೊಂಡು ನಿಮ್ಮ ಮೊದಲ ನಡೆಯನ್ನು ಗಟ್ಟಿಯಾಗಿ ಹೇಳಿ. ಕಂಪ್ಯೂಟರನ್ನು ಆಮೇಲೆ ಕೇಳಿ.