ಮಳೆ ಬರಲಿ ಎನ್ನುವಾಗ

2024ರ ಏಪ್ರಿಲ್‌ ಇಡೀ ಬೆಂಗಳೂರಿನ ಹವಾಮಾನ ಕೇಂದ್ರದಲ್ಲಿ ಲೆಕ್ಕಕ್ಕೆ ಸಿಗುವಷ್ಟು ಮಳೆ ಬೀಳಲಿಲ್ಲ. ಮೇ ಮೊದಲ ವಾರ, ಕೊನೆಗೂ ಗುಡುಗು ಕೇಳಿದಾಗ ನಾನು ರಿಚರ್ಡ್ಸ್ ಪಾರ್ಕ್ ಬಳಿ ಎಳನೀರು ಕುಡಿಯುತ್ತಿದ್ದೆ. "ಅಬ್ಬಾ, ಬರಲಿ" ಎಂದೆ. ಎಳನೀರಿನವರು ಆಕಾಶ ನೋಡಿದರು. "ಬರಲಿ ಸಾರ್, ಜೋರಾಗಿ ಮಾತ್ರ ಬೇಡ. ನಮ್ಮನೆ ರಾಜಕಾಲುವೆ ಪಕ್ಕ."

ನನ್ನ ಹಾರೈಕೆಯಲ್ಲಿ ತಪ್ಪಿತ್ತೇ? ಮೋಡ ಯಾರ ಮಾತನ್ನೂ ಕೇಳುವುದಿಲ್ಲ. ಹಗಲೆಲ್ಲ ಕಾದ ನೆಲದ ಮೇಲಿನ ತೇವದ ಗಾಳಿ ಮೇಲೇರಿ, ತಣಿದು, ಸಂಜೆ ಗುಡುಗು ಮಳೆಯಾಗಿ ಸುರಿಯುತ್ತದೆ. ಅದಕ್ಕೆ ನೀತಿ ಅನೀತಿ ಇಲ್ಲ. ಬಿದ್ದ ನೀರು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವವರು ಮಾತ್ರ ಮನುಷ್ಯರು: ಕೆರೆ ಮುಚ್ಚಿದವರು, ಕಾಲುವೆ ಒತ್ತುವರಿ ಮಾಡಿದವರು, ನೋಡಿಯೂ ಸುಮ್ಮನಿದ್ದ ನನ್ನಂಥವರು. 2023ರ ಮೇ 21ರಂದು ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ಕಾರು ಮುಳುಗಿ ಯುವತಿಯೊಬ್ಬರು ತೀರಿಕೊಂಡಾಗ 'ಮಳೆಗೆ ಬಲಿ' ಎಂದೆವು. ಆ ಒಂದು ಮಾತಿನಲ್ಲಿ ಮಳೆಯೊಂದನ್ನು ಬಿಟ್ಟು ಉಳಿದವರೆಲ್ಲ ಪಾರಾದರು.

ಈಗ ಮತ್ತೆ ಸೆಕೆ. ಗಾಳಿಯಲ್ಲಿ ತೇವ ಹೆಚ್ಚಿದಷ್ಟೂ ಬೆವರು ಆರುವುದು ಕಷ್ಟ, ಮೈ ತಣಿಯುವುದೂ ಕಷ್ಟ. ಮಳೆ ಬೇಡವೆನ್ನಲಾರೆ. ಬಯಕೆ ತಪ್ಪಲ್ಲ, ನನ್ನ ತಂಪಿಗೆ ಬೇರೆಯವರು ತೆರುವ ಬೆಲೆಯನ್ನು ಮಳೆಯ ಲೆಕ್ಕಕ್ಕೆ ಬರೆದು ಕೈ ತೊಳೆದುಕೊಳ್ಳುವುದು ತಪ್ಪು. ಮೋರಿಯ ಹೂಳು ತೆಗೆದಿದ್ದಾರೆಯೇ ಎಂದು ಮಳೆಗೆ ಮುಂಚೆಯೇ ಹೋಗಿ ಕೇಳಿದರೆ ಮಾತ್ರ ಆ ಹಾರೈಕೆ ಪೂರ್ತಿಯಾದೀತು.