ಸಭೆಯ ಮುಂದೆ ನಿಂತು ಹೇಳುವ ನಂಬಿಕೆ

ನಂಬಿಕೆ ಮನಸ್ಸಿನೊಳಗಿನ ಸಂಗತಿ ಎಂದ ಮೇಲೆ ಅದನ್ನು ನಾಲ್ಕು ಜನರ ಮುಂದೆ ಹೇಳಬೇಕೇಕೆ? ನಾಲ್ಕನೆಯ ಶತಮಾನದ ರೋಮ್‌ನಲ್ಲಿ ಮಾರಿಯಸ್ ವಿಕ್ಟೋರಿನಸ್ ಎಂಬ ಪಂಡಿತ ಈ ಪ್ರಶ್ನೆ ಎತ್ತಿದ್ದ. ಸಂತ ಆಗಸ್ಟೀನರು ‘ಕನ್ಫೆಷನ್ಸ್’ ಗ್ರಂಥದ ಎಂಟನೆಯ ಭಾಗದಲ್ಲಿ ಆತನ ಕಥೆ ಹೇಳಿದ್ದಾರೆ.

ವಿಕ್ಟೋರಿನಸ್ ಭಾಷಣಕಲೆಯ ಗುರು. ಪ್ಲೇಟೋ ಪಂಥದವರ ಗ್ರಂಥಗಳನ್ನು ಲ್ಯಾಟಿನ್‌ಗೆ ತಂದವನು. ರೋಮ್ ಆತನ ಪ್ರತಿಮೆ ನಿಲ್ಲಿಸಿ ಗೌರವಿಸಿತ್ತು. ಮುಪ್ಪಿನಲ್ಲಿ ಬೈಬಲ್ ಓದಿದ ಆತ, ತಾನು ಆಗಲೇ ಕ್ರೈಸ್ತನಾಗಿದ್ದೇನೆಂದು ಗೆಳೆಯ ಸಿಂಪ್ಲಿಸಿಯಾನಸ್‌ಗೆ ಗುಟ್ಟಾಗಿ ಹೇಳಿದ. ಚರ್ಚಿನಲ್ಲಿ ಕಾಣುವವರೆಗೂ ನಂಬಲಾರೆ ಎಂದ ಗೆಳೆಯ. ಹಾಗಾದರೆ ಕ್ರೈಸ್ತರನ್ನು ಮಾಡುವುದು ಗೋಡೆಗಳೋ ಎಂದು ವಿಕ್ಟೋರಿನಸ್ ನಕ್ಕ. ಇದೇ ಮಾತು ಅವರ ನಡುವೆ ಎಷ್ಟೋ ಸಲ ನಡೆಯಿತು. ಪ್ರಶ್ನೆಗೆ ತೂಕವಿದೆ. ಆದರೆ ಆತನನ್ನು ತಡೆದಿದ್ದದ್ದು ದೊಡ್ಡ ಮನೆತನದ ಗೆಳೆಯರ ಮುನಿಸಿನ ಭಯ ಎನ್ನುತ್ತಾರೆ ಆಗಸ್ಟೀನರು.

ನನಗೆ ತಲೆನೋವು ಎಂದರೆ ಅದು ಒಳಗಿನ ಸ್ಥಿತಿಯ ವರದಿ. ಈ ಸಾಲಕ್ಕೆ ನಾನು ಜಾಮೀನು ಎಂದರೆ, ಹೇಳಿದ ಗಳಿಗೆಯಿಂದಲೇ ಹೊಣೆ ಹೆಗಲೇರುತ್ತದೆ. ಮಾತು ಹೀಗೆ ಕ್ರಿಯೆಯಾಗುವ ಬಗೆಯನ್ನು ಇಪ್ಪತ್ತನೆಯ ಶತಮಾನದಲ್ಲಿ ಆಕ್ಸ್‌ಫರ್ಡಿನ ಜೆ. ಎಲ್. ಆಸ್ಟಿನ್ ಬಿಡಿಸಿ ತೋರಿಸಿದರು. ಕ್ರೈಸ್ತರ ವಿಶ್ವಾಸ ಪ್ರಮಾಣ ಈ ಎರಡನೆಯ ಜಾತಿಯದು. ಆದ್ದರಿಂದಲೇ ಅದಕ್ಕೆ ಸಾಕ್ಷಿಗಳು ಬೇಕು. ಸಿಂಪ್ಲಿಸಿಯಾನಸ್ ಕೇಳಿದ್ದೂ ಅದನ್ನೇ.

ದೀಕ್ಷಾಸ್ನಾನಕ್ಕೆ ಬಂದವರು ಎತ್ತರದ ಜಾಗದಲ್ಲಿ ನಿಂತು, ಬಾಯಿಪಾಠ ಮಾಡಿದ ನಿಗದಿತ ಮಾತುಗಳನ್ನು ಹೇಳುವುದು ರೋಮ್‌ನ ರೂಢಿ. ಸಂಕೋಚಪಡುವವರು ಖಾಸಗಿಯಾಗಿ ಹೇಳಬಹುದಿತ್ತು. ಕೊನೆಗೆ ಭಯ ಬಿಟ್ಟು ದೀಕ್ಷಾಸ್ನಾನಕ್ಕೆ ಬಂದ ವಿಕ್ಟೋರಿನಸ್‌ಗೂ ಪಾದ್ರಿಗಳು ಆ ದಾರಿ ತೋರಿದರು, ಆತ ಬೇಡವೆಂದ. ಮೇಲೇರಿದೊಡನೆ ಜನ ಆತನ ಹೆಸರನ್ನು ಪಿಸುಗುಟ್ಟಿದರು, ಮರುಕ್ಷಣವೇ ಕೇಳಿಸಿಕೊಳ್ಳಲೆಂದು ಸುಮ್ಮನಾದರು. ನನ್ನನ್ನು ಹಿಡಿದು ನಿಲ್ಲಿಸುವುದು ಇಲ್ಲಿಯೇ. ಜೀವಮಾನವಿಡೀ ಮಾತಿನ ಚಮತ್ಕಾರದಿಂದ ಹೆಸರು ಮಾಡಿದವನು ಅಂದು ತನ್ನದೊಂದು ಅಲಂಕಾರವನ್ನೂ ಸೇರಿಸದೆ, ಅಕ್ಷರ ಬಾರದವರೂ ಕಲಿತು ಹೇಳುತ್ತಿದ್ದುದನ್ನೇ ಹೇಳಿದ. ಮಾತು ಇಡೀ ಸಭೆಯದು, ಹೊಣೆ ಆತನೊಬ್ಬನದು.

ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ, ಹಸುಳೆಯಾಗಿದ್ದಾಗ ದೀಕ್ಷಾಸ್ನಾನ ಪಡೆದವರು ಬೆಳೆದ ಮೇಲೆ ದೃಢೀಕರಣಕ್ಕೆ ನಿಲ್ಲುವುದೂ ಇದಕ್ಕೇ: ಹೆತ್ತವರು ಕೊಟ್ಟ ಮಾತನ್ನು ತಾವೇ ಹೊರಲು. ಬಾಯಿಪಾಠದ ಮಾತು ಹುಸಿ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದು ನಿಜವೋ ಹುಸಿಯೋ ಎಂಬುದು ಹೇಳಿದ ದಿನವೇ ತೀರ್ಮಾನವಾಗುವುದಿಲ್ಲ. ವಿಕ್ಟೋರಿನಸ್‌ಗೆ ಆ ಪರೀಕ್ಷೆ 362ರಲ್ಲಿ ಎದುರಾಯಿತು. ಕ್ರೈಸ್ತರು ಸಾಹಿತ್ಯವನ್ನೂ ಭಾಷಣಕಲೆಯನ್ನೂ ಕಲಿಸಕೂಡದೆಂದು ಚಕ್ರವರ್ತಿ ಜೂಲಿಯನ್ ಆಜ್ಞೆ ಹೊರಡಿಸಿದಾಗ, ಆ ವೃದ್ಧ ತನ್ನ ಪಾಠಶಾಲೆಯನ್ನು ಬಿಟ್ಟುಕೊಟ್ಟ.